ಕೋಳಿಯ ಎತ್ತರಕ್ಕೆ ಕುಳಿತಾಗ

೨೦೦೧ರ ಬೇಸಿಗೆ. ಬಾಣಾವರದ ಬಳಿ ನಮ್ಮ ತೆಂಗಿನ ತೋಟದ ಅಂಚಿನಲ್ಲಿ ಮೊದಲ ಬಾರಿಗೆ ಸಾವಿರ ಬ್ರಾಯ್ಲರ್ ಕೋಳಿಗಳನ್ನು ಸಾಕಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗಳಿಸಿದ್ದ ನಾನು, ವಿದ್ಯಾವಂತರು ಹಳ್ಳಿಯಲ್ಲೇ ನಿಂತು ಹೊಸ ಉದ್ಯೋಗಗಳ ದಾರಿ ತೋರಬೇಕೆಂದು ಊರೂರಲ್ಲಿ ಭಾಷಣ ಮಾಡುತ್ತಿದ್ದೆ. ಈ ಬ್ಯಾಚು ಕೈಕೊಟ್ಟರೆ, ನನ್ನ ಮಾತು ನಂಬಿ ಶೆಡ್ ಕಟ್ಟಲು ಹೊರಟಿದ್ದ ನೆರೆಯ ನಾಲ್ಕು ಮನೆಯವರೂ ಹಿಂದೆ ಸರಿಯುವುದು ಖಚಿತವಿತ್ತು.

ಕೋಳಿಗಳಿಗೆ ಐದು ವಾರ ತುಂಬಿದ ದಿನ ಬಿಸಿಲು ವಿಪರೀತವಾಗಿತ್ತು. ನಮ್ಮದು ಫ್ಯಾನಿಲ್ಲದ ಶೆಡ್. ಎರಡು ಬದಿಯ ತಂತಿಜಾಲರಿಯಿಂದ ನುಗ್ಗುವ ಗಾಳಿಯೇ ಆಸರೆ. ಆ ಎರಡೂ ಬದಿಗೆ ಗೋಣಿತಾಟು ಇಳಿಬಿಟ್ಟು, ಕೆಳಗೆ ಬಿಗಿಯಾಗಿ ಕಟ್ಟಿ, ನೀರು ಹೊಡೆದೆ. ಮಧ್ಯಾಹ್ನದ ಹೊತ್ತಿಗೆ ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಡತೊಡಗಿದವು. ಮೂರು ಸತ್ತೇ ಹೋದವು.

ಕೆಲಸಕ್ಕೆ ಬರುತ್ತಿದ್ದ ರಂಗಮ್ಮನವರು ಗೋಣಿಯ ಹಗ್ಗಕ್ಕೆ ಕೈಹಾಕಿದರು.

"ಬಿಚ್ಚಬೇಡಿ ರಂಗಮ್ಮ! ಒದ್ದೆ ಬಟ್ಟೆ ಸುತ್ತಿದ್ರೆ ಮಡಕೆ ನೀರು ತಣ್ಣಗಾಗಲ್ವ? ಅದೇ ನ್ಯಾಯ ಇಲ್ಲೂ" ಎಂದೆ.

"ಮಡಕೆ ಉಸಿರಾಡ್ತೈತಾ ಸ್ವಾಮಿ?"

ನಾನು ಮತ್ತೆರಡು ಕಾರಣ ಕೊಡಲು ಬಾಯಿ ತೆರೆದೆ.

"ನಿಂತ್ಕಂಡು ಭಾಷಣ ಬಿಗೀಬ್ಯಾಡಿ. ಒಳೀಕ್ ಬಂದು ಕೋಳಿ ಪಕ್ಕ ಒಂದ್ ಗಳಿಗೆ ಕುಂತ್ಕಳಿ, ಗೊತ್ತಾಯ್ತದೆ."

ಹಠಕ್ಕೆ ಬಿದ್ದು ಕುಳಿತೆ. ನಿಂತಾಗ ಅರಿವಿಗೆ ಬಾರದಿದ್ದ ಹಬೆ ಮುಖಕ್ಕೆ ರಾಚಿತು. ನೆಲಕ್ಕೆ ಹಾಸಿದ್ದ, ಹಿಕ್ಕೆ ಬೆರೆತ ಭತ್ತದ ಹೊಟ್ಟಿನ ಘಾಟಿಗೆ ಕಣ್ಣಲ್ಲಿ ನೀರು. ಗಾಳಿಯ ಸುಳಿವೇ ಇಲ್ಲ. ಎರಡೇ ನಿಮಿಷಕ್ಕೆ ನಾನೂ ಬಾಯಿ ತೆರೆದು ಉಸಿರೆಳೆಯುತ್ತಿದ್ದೆ.

"ಬಿಚ್ಚಿಬಿಡಿ" ಎನ್ನುವಷ್ಟೇ ಶಕ್ತಿ ಉಳಿದಿತ್ತು.

ಇಬ್ಬರೂ ಸೇರಿ ಗೋಣಿಗಳನ್ನು ಮೇಲೆತ್ತಿದೆವು. ತಿಂದರೆ ಮೈಕಾವು ಏರುತ್ತದೆಂದು ಮೇವಿನ ಡಬ್ಬಗಳನ್ನು ಎತ್ತಿ ಕಟ್ಟಿದೆವು. ಕುಡಿಯುವ ತಟ್ಟೆಗಳಿಗೆ ಬಾವಿಯ ತಣ್ಣೀರು ತುಂಬಿದೆವು. ಚಾವಣಿಯ ಕಾದ ಶೀಟಿನ ಮೇಲೆ ತೆಂಗಿನ ಗರಿ ಹರವಿದೆವು. ಬಳಿಕ ರಂಗಮ್ಮನವರು ಕೋಳಿಗಳ ನಡುವೆ ಮೆಲ್ಲಗೆ ನಡೆಯುತ್ತ ಅವನ್ನು ಎಬ್ಬಿಸಿದರು.

"ಕುಂತ್ರೆ ಮೈ ಕೆಳ್ಗೇ ಕಾವು ನಿಂತಿರ್ತೈತೆ. ಎದ್ರೆ ಗಾಳಿ ಆಡ್ತೈತೆ. ನೀವೂ ನಡೀರಿ. ಓಡಿಸ್ಬ್ಯಾಡಿ ಮತ್ತೆ, ಮದುವೆ ಮನೇಲಿ ಪಾಯಸ ಬಡ್ಸೋರಂಗೆ ನಿಧಾನಕ್ಕೆ!"

ಹೊತ್ತು ಇಳಿದಂತೆ ಕೊಕ್ಕುಗಳು ಒಂದೊಂದಾಗಿ ಮುಚ್ಚಿದವು. ಮೇವು ಕೆಳಗಿಳಿಸಿದೊಡನೆ ಡಬ್ಬಗಳ ಸುತ್ತ ಟಕಟಕ ಸದ್ದು. ಆ ಮೂರರ ಜೊತೆ ಇನ್ನೆರಡು ಸತ್ತಿದ್ದವು, ಅಷ್ಟೇ.

ಮರುವಾರ ನಾಲ್ಕು ಮನೆಯವರೂ ನೋಡಲು ಬಂದರು. ವಿವರಿಸುವಂತೆ ರಂಗಮ್ಮನವರನ್ನು ಕೇಳಿಕೊಂಡೆ. "ಹೇಳಕ್ಕೆ ನೀವಿದ್ದೀರಲ್ಲ. ತಪ್ಪು ಹೇಳಿದ್ರೆ ಮಾತ್ರ ನಾನ್ ಬತ್ತೀನಿ" ಎಂದು ನಕ್ಕು ನೀರು ಸೇದಲು ಹೋದರು. ನಾಲ್ಕೂ ಶೆಡ್‌ಗಳು ಎದ್ದವು.

ರಂಗಮ್ಮನವರ ಮುಂದೆ ವಾದದಲ್ಲಿ ಕಂಡ ಆ ಸೋಲು ಇಂದಿಗೂ ನನಗೆ ಹಿತವಾಗಿದೆ. ಈಗ ಯಾರ ಶೆಡ್ಡಿಗೆ ಹೋದರೂ ಮೊದಲು ನೆಲದ ಮೇಲೆ ಕೂರುತ್ತೇನೆ.