ಮುದ್ದೆಯೊಳಗಿನ ಮಾತ್ರೆ

ಮಧ್ಯಾಹ್ನ ಒಂದು ಗಂಟೆ ಹತ್ತಿರವಾಗುತ್ತಿದ್ದ ಹಾಗೆ ವೀಣಳಿಗೆ ಹೆದರಿಕೆ ಶುರುವಾಗುತ್ತಿತ್ತು. ಐದು ತಿಂಗಳಿಂದ ಒಂದು ದಿನವೂ ತಪ್ಪಿದ್ದಿಲ್ಲ. ಆ ಹೊತ್ತಿಗೆ ಅವಳ ಗಂಡ ಪುಟ್ಟರಾಜು ಗದ್ದೆಯಿಂದ ಬಂದು, ಕೈಕಾಲು ತೊಳೆದು, ತಟ್ಟೆ ಮುಂದೆ ಕೂರುತ್ತಿದ್ದ. ತಟ್ಟೆಯಲ್ಲಿ ಬಿಸಿ ರಾಗಿಮುದ್ದೆ, ಉಪ್ಸಾರು, ಅಂಚಿಗೆ ಒಂದಿಷ್ಟು ಖಾರ. ಮುದ್ದೆಯ ನಡುವೆ, ಲೋಟದ ತಳದಿಂದ ಅರೆದು ಚಿಟಿಕೆ ಹಿಟ್ಟಿನ ಜೊತೆ ಕಲಸಿ ಹುದುಗಿಸಿದ ಒಂದು ಮಾತ್ರೆ. ಅದು ಅಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮುದ್ದೆಯನ್ನು ನಮ್ಮ ಕಡೆ ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಲ್ಲಿ ಹೊರಳಿಸಿ, ನುಂಗುವುದು. ಹಲ್ಲಿಗೆ ತಾಗಿಸಿದರೆ, 'ಏನ್ಲಾ, ಬಬಲ್‌ಗಮ್ಮಾ ಅದು?' ಅಂತ ಪಕ್ಕದವನು ಕೇಳಿಬಿಡುತ್ತಾನೆ. ಆ ಒಂದು ರೂಢಿಯನ್ನು ನಂಬಿಕೊಂಡೇ ವೀಣ ಇಷ್ಟು ದಿನ ನಡೆಸಿದ್ದಳು. ಮಾತ್ರೆ ಎಷ್ಟೇ ಕಹಿಯಿದ್ದರೂ, ಅವನ ನಾಲಿಗೆಗೆ ತಿಳಿಯುವ ಮುಂಚೆಯೇ ಗಂಟಲು ದಾಟಿರುತ್ತಿತ್ತು.

ಹೆದರಿಕೆ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಬೆಸಗರಹಳ್ಳಿಯ ಹುಡುಗಿ, ಪಿಯುಸಿ ಮುಗಿಸಿ ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಮೂರು ವರ್ಷ ಕಾಲರ್ ಹೊಲಿದವಳು. ಬಸ್ಸಿನಲ್ಲಿ ಮೈಗೆ ಅಂಟಿಕೊಂಡು ನಿಂತವನಿಗೆ ಪಿನ್ನು ಚುಚ್ಚಿ, "ಸೊಳ್ಳೆ ಇರ್ಬೇಕು ಕಣಣ್ಣ" ಅಂದವಳು. ಆತಗೂರು ಹೋಬಳಿಯ ಈ ಊರಿಗೆ ಸೊಸೆಯಾಗಿ ಬಂದು, ದೀಪಿಕ ಹುಟ್ಟಿ ವರ್ಷವಾದ ಮೇಲೆ, ಮೊದಲ ಸಲ ಹೆದರಿದಳು.

ಆಗ ಪುಟ್ಟರಾಜು ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರಕ್ಕೆ ದಿನಗೂಲಿಗೆ ಹೋಗುತ್ತಿದ್ದ. ಅಲ್ಲಿ ಭತ್ತದ ತಾಕುಗಳಿಗೆ ನಂಬರು ಬರೆದ ಕಡ್ಡಿಗಳನ್ನು ನೆಟ್ಟಿರುತ್ತಾರೆ. ಒಂದು ದಿನ ಬಂದವನೇ, ಆ ನಂಬರುಗಳೆಲ್ಲ ತನ್ನ ಬಗ್ಗೆಯೇ ಬರೆದವು ಅಂದ. ಮಾರನೆ ದಿನದಿಂದ ಕೆಲಸಕ್ಕೆ ಹೋಗಲಿಲ್ಲ. ನಿದ್ದೆ ಬಿಟ್ಟ. ಆಮೇಲೆ ಊಟದಲ್ಲಿ ಯಾರೋ ಏನೋ ಬೆರೆಸುತ್ತಾರೆ ಅನ್ನತೊಡಗಿದ. ಮೊದಲ ತುತ್ತು ನಾಯಿಗೆ, ನಾಯಿ ಬಾಲ ಅಲ್ಲಾಡಿಸಿಕೊಂಡು ನಿಂತಿದ್ದರೆ ಎರಡನೆಯದು ತನಗೆ. ಮಗಳು ಕಾಲು ತಬ್ಬಿಕೊಂಡರೆ ಯಾರದೋ ಮಗು ಅನ್ನುವಂತೆ ನೋಡುತ್ತಿದ್ದ.

ಇದನ್ನು ಮೊದಲು ಕಂಡುಹಿಡಿದವಳು ಜಾಕಿಯಾ. ಮಳವಳ್ಳಿಯ ಒಂದು ಟ್ರಸ್ಟಿನವರು ಸುತ್ತಿನ ಹಳ್ಳಿಗಳ ಮಕ್ಕಳನ್ನು ತಿಂಗಳಿಗೆರಡು ಸಲ ತೂಗಿ, ಸೊರಗಿದ ಮಕ್ಕಳಿಗೆ ರಾಗಿ, ಹುರಿಗಡಲೆ, ಕಡಲೆಬೀಜದ ಪುಡಿ ಕೊಡುತ್ತಾರೆ. ಆ ಕೆಲಸಕ್ಕೆ ಮದ್ದೂರಿನಿಂದ ಸ್ಕೂಟರಿನಲ್ಲಿ ತಕ್ಕಡಿ ಕಟ್ಟಿಕೊಂಡು ಬರುವವಳು ಜಾಕಿಯಾ. ಊರವರ ಬಾಯಲ್ಲಿ ಅವಳು ತೂಕದಕ್ಕ. ದೀಪಿಕಳ ತೂಕ ಏರದೆ ಇದ್ದದ್ದಕ್ಕೆ ಮನೆ ತನಕ ಬಂದವಳು, ಪುಟ್ಟರಾಜು ನಾಯಿಗೆ ಮೊದಲ ತುತ್ತು ಹಾಕಿ ಕಾಯುವುದನ್ನು ಬಾಗಿಲಲ್ಲೇ ನಿಂತು ನೋಡಿದಳು.

"ಮಗೂಗಿಂತ ಮುಂಚೆ ಇವರನ್ನ ತೋರಿಸ್ಬೇಕು ಕಣಮ್ಮ," ಅಂದಳು ಹಿತ್ತಲಲ್ಲಿ.

"ಬೂತ ಬುಡ್ಸೋ ಬೂತಾಳದೋರ ತಾವ ತೋರ್ಸಿ ದಾರ ಕಟ್ಸಿದ್ದೂ ಆಯ್ತು," ಅಂದಳು ಅತ್ತೆ ದೇವಿರಮ್ಮ.

"ಅವರು ಬೂತ ನೋಡ್ಕೊಳ್ಳಿ ಬುಡವ್ವ. ನಾವು ನಿನ್ನ ಮಗನ್ನ ನೋಡಾನ."

ಟ್ರಸ್ಟಿನವರು ತಿಂಗಳಿಗೊಂದು ಶನಿವಾರ ಮಳವಳ್ಳಿಗೆ ಮನಸ್ಸಿನ ಡಾಕ್ಟರನ್ನು ಕರೆಸುತ್ತಿದ್ದರು. ಪುಟ್ಟರಾಜು ಒಂದು ಸಲ ಹೋದ, ಮಾತ್ರೆ ತಂದ, ಎರಡು ದಿನ ನುಂಗಿದ. ಮೂರನೆಯ ದಿನ ಚೀಟಿ ಸಮೇತ ನಾಲೆಗೆ ಎಸೆದು ಬಂದ. "ಇದ್ರಲ್ಲೂ ಬೆರೆಸವ್ರೆ," ಅಂದ.

ಆಮೇಲೆ ವೀಣ ಒಬ್ಬಳೇ ಹೋಗಿ ಮಾತ್ರೆ ತರತೊಡಗಿದಳು. ಅವರೇ ನುಂಗುತ್ತಾರೆ, ಗದ್ದೆ ಕೆಲಸ ಬಿಟ್ಟು ಬರಲಾಗಲ್ಲ ಎಂದು ಡಾಕ್ಟರಿಗೆ ಹೇಳಿದಳು. ಜಾಕಿಯಾ ಮಾತ್ರ ಒಂದು ಸಲ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು: "ಕದ್ದು ಕೊಡ್ತಿಲ್ಲ ತಾನೆ? ಹಂಗೆ ಕೊಡ್ಬ್ಯಾಡ. ಗೊತ್ತಾದ ದಿನ ಅವರು ನಿನ್ನ ಕೈನ ನೀರೂ ಕುಡಿಯಲ್ಲ."

"ಇಲ್ಲಕ್ಕ. ಅವ್ರೇ ತಗತಾರೆ."

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. ಮಾತ್ರೆಯ ಪಟ್ಟಿಯನ್ನು ಅವಳು ಮಗುವಿನ ಪುಡಿಯ ಡಬ್ಬದಲ್ಲಿ ಹೂತಿಡುತ್ತಿದ್ದಳು. ಅವನು ಎಂದೂ ಮುಟ್ಟದ ಡಬ್ಬ ಅದೊಂದೇ.

ಎರಡನೆಯ ತಿಂಗಳಿಗೆ ಅವನಿಗೆ ನಿದ್ದೆ ಬಂತು. ಮೂರನೆಯದಕ್ಕೆ ನಾಯಿಯ ತುತ್ತು ನಿಂತಿತು. ಪಾಪ, ಅದು ಬಾಗಿಲಲ್ಲಿ ಕಾದು ಕಾದು ಎದ್ದು ಹೋಗುತ್ತಿತ್ತು. ನಾಲ್ಕನೆಯ ತಿಂಗಳು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಬ್ಬಿನ ಟ್ರ್ಯಾಕ್ಟರು ತೋರಿಸಲು ಹೊರಟ. ದೇವಿರಮ್ಮ ತಾನು ಕಟ್ಟಿಸಿದ ದಾರದ ಮಹಿಮೆ ಅಂದಳು. ವೀಣ ಹೂಂ ಅಂದಳು.

ಅವನು ಗೆಲುವಾದಷ್ಟೂ ಇವಳ ಹೆದರಿಕೆ ಬೆಳೆಯಿತು. ಮೊದಲು, ಊಟದಲ್ಲಿ ಏನೋ ಬೆರೆಸುತ್ತಾರೆ ಅನ್ನುವುದು ಅವನ ಭ್ರಮೆ. ಈಗ ಅದು ನಿಜ. ಬೆರೆಸುವ ಕೈ ತನ್ನದು.

ಆ ಮಂಗಳವಾರ ತಟ್ಟೆ ಇಟ್ಟು ಎರಡು ನಿಮಿಷ ಆಗಿರಲಿಲ್ಲ, ಹಸು ಹಗ್ಗ ಕಿತ್ತುಕೊಂಡು ಪಕ್ಕದ ಶಿವಣ್ಣನ ಅವರೆ ಹೊಲಕ್ಕೆ ನುಗ್ಗಿತು. ವೀಣ ಓಡಿದಳು. ಅದನ್ನು ಎಳೆದು ತಂದು ಕಟ್ಟಿ ಒಳಗೆ ಬಂದರೆ, ದೀಪಿಕ ಅಪ್ಪನ ತೊಡೆಯ ಮೇಲೆ. ತುಟಿಯ ಸುತ್ತ ರಾಗಿ.

"ನೋಡಮ್ಮಿ," ಅಂದ ಪುಟ್ಟರಾಜು, ಮುಖವೆಲ್ಲ ನಗುವಾಗಿ. "ಮೊಗ ಉಣ್ಣಕಿಲ್ಲ ಅಂತ ಊರೆಲ್ಲ ಹೇಳ್ಕಂಡು ಬತ್ತೀಯ. ನನ್ ಕೈಲಿ ನಾಕು ತುತ್ತು ನುಂಗದ್ಲು!"

ವೀಣ ತಟ್ಟೆ ನೋಡಿದಳು. ಮುದ್ದೆಯ ಅಂಚು ಹಾಗೇ ಇತ್ತು. ನಡುವೆ ಗುಳಿ.

"ಎಲ್ಲಿಂದ ಕೊಟ್ರಿ?"

"ಮುದ್ದೇಲಿ ಎಲ್ಲಿಂದ ಅಂದ್ರೆ? ನಡುವಿಂದು. ಮೆತ್ತಗಿರ್ತದಲ್ಲ ಮೊಗೀಗೆ."

ಆಗಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದಳು ಕೂಡ. ಆದರೆ ಒಂದು ವರ್ಷದಿಂದ ಕಾಣದ ಆ ನಗು ಎದುರಿಗಿತ್ತು. ನಾಲ್ಕು ತುತ್ತು ತಾನೆ, ಏನೂ ಆಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಗುವನ್ನು ಎತ್ತಿಕೊಂಡು ಒಳಗೆ ಮಲಗಿಸಿ, ಪಕ್ಕದಲ್ಲಿ ಕೂತು, ಪುಟ್ಟ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ಮಗು ಎಂದಿಗಿಂತ ಹೆಚ್ಚು ಹೊತ್ತು ಮಲಗಿತು.

ನಾಲ್ಕು ಗಂಟೆಗೆ ಎದ್ದಾಗ ಅದರ ಕತ್ತು ಎಡಕ್ಕೆ ತಿರುಗಿಕೊಂಡಿತ್ತು. ನೆಟ್ಟಗೆ ಮಾಡಲು ಹೋದರೆ ಕಿರುಚಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಬಿಳಿ ಕಾಣುತ್ತಿತ್ತು, ನಾಲಿಗೆ ಹೊರಗೆ ಚಾಚಿ ಜೊಲ್ಲು ಸುರಿಯುತ್ತಿತ್ತು. "ಅವ್ವ" ಅನ್ನಲು ಹೋಗಿ ಬರೀ "ಆ, ಆ" ಅಂದಿತು.

ದೇವಿರಮ್ಮ ಎದೆ ಬಡಿದುಕೊಂಡಳು. "ಗಾಳಿ ಸೋಕದೆ ಕಣೋ! ಉಣಿಸೆ ಮರದ ತಾವ ಆಡಕ್ಕೆ ಬುಡಬ್ಯಾಡ ಅಂದ್ರೆ ಕೇಳಕಿಲ್ಲ ಇವ್ಳು. ನಡೀರಿ, ಪೂಜಾರಪ್ಪನ ತಾವ ಓಗವ."

"ಆಸ್ಪತ್ರೆಗೆ," ಅಂದಳು ವೀಣ.

"ಗಾಳಿಗೆ ಆಸ್ಪತ್ರೇಲಿ ಏನ್ ಸೂಜಿ ಚುಚ್ತಾರಮ್ಮಿ?"

"ಅತ್ತೆ, ಇದು ಗಾಳಿ ಅಲ್ಲ!"

ಪುಟ್ಟರಾಜು ಬೀದಿಗೆ ಓಡಿ ಸ್ವಾಮಿಯ ಆಟೋ ತಂದ. ಹೊರಡುವ ಮುಂಚೆ ವೀಣ ಅಡುಗೆಮನೆಗೆ ನುಗ್ಗಿ, ಪುಡಿಯ ಡಬ್ಬದೊಳಗೆ ಕೈಹಾಕಿ, ಮಾತ್ರೆಯ ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೇಳುತ್ತೇನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಕೈ ಮಾತ್ರ ತನ್ನ ಕೆಲಸ ಮಾಡಿತು.

ಆಟೋದಲ್ಲಿ ಜಾಕಿಯಾಗೆ ಫೋನು ಮಾಡಿದಳು.

"ಏನ್ ತಿಂತು?" ಅಂದಳು ಜಾಕಿಯಾ.

ಪಕ್ಕದಲ್ಲೇ ಗಂಡ, ಮಗುವಿನ ತಲೆಗೆ ಅಂಗೈ ಆನಿಸಿಕೊಂಡು. "ಮುದ್ದೆ ಅಕ್ಕ. ಅವ್ರ ತಟ್ಟೇದು."

ಜಾಕಿಯಾಗೆ ಅರ್ಥವಾಯಿತು. ನಿಧಾನವಾಗಿ ಅಂದಳು: "ವೀಣ, ಡಾಕ್ಟ್ರಿಗೆ ಎಲ್ಲಾ ಹೇಳು. ಎಲ್ಲಾ ಅಂದ್ರೆ ಎಲ್ಲಾ. ನಾನ್ ಬತ್ತೀನಿ."

ಮದ್ದೂರಿನ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಗುವಿನ ಕಣ್ಣಿಗೆ ಟಾರ್ಚು ಬಿಟ್ಟು ಒಂದೇ ಸಮನೆ ಕೇಳುತ್ತ ಹೋದಳು. ಜ್ವರ ಬಂದಿತ್ತಾ? ಇಲ್ಲ. ಬಿದ್ದಿತ್ತಾ? ಇಲ್ಲ. ಮನೆಯಲ್ಲಿ ಯಾರಾದರೂ ಮಾತ್ರೆ ತಗೋತಾರಾ?

"ಯಾರೂ ಇಲ್ಲ ಮೇಡಂ," ಅಂದ ಪುಟ್ಟರಾಜು. ಅವನ ಮಟ್ಟಿಗೆ ಅದು ನಿಜ.

ವೀಣ ಡಾಕ್ಟರಮ್ಮನ ತೋಳು ಮುಟ್ಟಿದಳು. "ಮೇಡಂ, ಒಸಿ ಈಚೆಗೆ ಬನ್ನಿ."

"ಟೈಮಿಲ್ಲಮ್ಮ, ಇಲ್ಲೇ ಹೇಳಿ." ಅವಳು ಆಗಲೇ ನರ್ಸಿನ ಕಡೆ ತಿರುಗಿದ್ದಳು. "ಮಿದುಳು ಜ್ವರ ಇರಬಹುದು. ಮಂಡ್ಯಕ್ಕೆ ಕಳಿಸೋಣ, ಬೆನ್ನಿಂದ ನೀರು ತೆಗೀಬೇಕಾಗುತ್ತೆ. ಆಂಬುಲೆನ್ಸ್ ಹೇಳಿ."

ಬೆನ್ನು ಎಂದರೆ ಆ ಬೆನ್ನು. ನಿನ್ನೆ ಸಂಜೆ ತಾನು ಸೀಗೆಪುಡಿ ಹಚ್ಚಿ ತೊಳೆದ, ಅಂಗೈಯಗಲದ ಬೆನ್ನು. ವೀಣಳಿಗೆ ಅದೊಂದೇ ಕಂಡಿತು. ಸೊಂಟದಿಂದ ಪಟ್ಟಿ ತೆಗೆದು ಟೇಬಲ್ಲಿನ ಮೇಲಿಟ್ಟಳು.

"ಇದು ತಿಂದದೆ ಮೇಡಂ. ಇವ್ರ ಮಾತ್ರೆ. ಮುದ್ದೇಲಿ ಇಟ್ಟು ಕೊಡ್ತಿದ್ದೆ ಇವ್ರಿಗೆ, ಗೊತ್ತಾಗ್ದಂಗೆ. ಇವತ್ತು ಮೊಗ ತಿಂತು."

ಡಾಕ್ಟರಮ್ಮ ಹೆಸರು ಓದಿದಳು. ಅವಳ ಮುಖ ಸಡಿಲವಾಯಿತು. "ಇದಕ್ಕೇ ಕತ್ತು ತಿರುಗಿರೋದು. ಆಂಬುಲೆನ್ಸ್ ಬೇಡ ಸಿಸ್ಟರ್, ಇಂಜೆಕ್ಷನ್ ತನ್ನಿ. ಒಳ್ಳೇದಾಯ್ತಮ್ಮ ಹೇಳಿದ್ದು."

ಸೂಜಿ ಚುಚ್ಚಿದರು. ಇಪ್ಪತ್ತು ನಿಮಿಷ. ಗಂಡನ ಮುಖ ನೋಡುವ ಧೈರ್ಯವಿಲ್ಲದೆ ವೀಣ ಮಗುವಿನ ಕತ್ತನ್ನೇ ನೋಡುತ್ತಿದ್ದಳು. ಮೊದಲು ನಾಲಿಗೆ ಒಳಗೆ ಹೋಯಿತು. ಕಣ್ಣು ಕೆಳಗಿಳಿದು ಅವ್ವನನ್ನು ಹುಡುಕಿತು. ಕತ್ತು ಬೆರಳಷ್ಟು ಬೆರಳಷ್ಟೇ ತಿರುಗಿ, ನೆಟ್ಟಗಾಯಿತು.

"ಬಿಕ್ಕತ್ತು," ಅಂದಳು ದೀಪಿಕ. ಬಿಸ್ಕತ್ತು ಬೇಕಂತೆ.

ವೀಣ ಸೆರಗಿನಿಂದ ಮಗಳ ಜೊಲ್ಲು ಒರೆಸಿದಳು. ಆಗ ಪುಟ್ಟರಾಜುವಿನ ದನಿ ಬಂತು, ಮೆಲ್ಲಗೆ.

"ಎಷ್ಟ್ ದಿನದಿಂದ?"

"ಐದು ತಿಂಗ್ಳು."

"ದಿನಾ?"

"ದಿನಾ."

"ಅಂಗಾರೆ ನಂಗೆ ತಲೆ ಕೆಟ್ಟಿರ್ನಿಲ್ಲ," ಅಂದ. "ಬೆರೆಸ್ತಾನೇ ಇದ್ರು."

ಆ ಹೊತ್ತಿಗೆ ಸರಿಯಾಗಿ ಜಾಕಿಯಾ ಒಳಗೆ ಬಂದಳು. ಅವನು ಅವಳ ಕಡೆ ತಿರುಗಿದ. "ನೀನೂ ಸೇರ್ಕಂಡಿದ್ಯಾ?"

"ಇಲ್ಲಣ್ಣ," ಅಂದಳು. "ಆದ್ರೆ ಒಂದೇ ಸಲ ಕೇಳಿ ಸುಮ್ನಾದೆ. ನಿನ್ನನ್ನೇ ಬಂದು ಕೇಳ್ಬೇಕಿತ್ತು. ಅದು ನನ್ನ ತಪ್ಪು."

ಮಾರನೆ ದಿನ ಮಗು ಮನೆಗೆ ಬಂತು. ಪುಟ್ಟರಾಜು ವೀಣಳ ಕೈಯ ಅನ್ನ ಮುಟ್ಟಲಿಲ್ಲ, ತಾಯಿಯದೂ ಬೇಡವೆಂದ. ಸಿಪ್ಪೆ ಇರುವುದನ್ನಷ್ಟೇ ತಿಂದ: ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಕಡಲೆಕಾಯಿ. ತಾನೇ ಸುಲಿದು, ಬೆಳಕಿಗೆ ಹಿಡಿದು ನೋಡಿ, ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಲ್ಲಿಯ ಹತ್ತಿರ ಸುದ್ದಿ ಬೇರೆಯೇ ಬಣ್ಣ ಹಿಡಿಯಿತು. ಗಂಡನಿಗೆ ಮದ್ದು ಹಾಕಿದಳಂತೆ, ವಶ ಮಾಡಿಕೊಳ್ಳಲು. ವೀಣ ಬಿಂದಿಗೆ ತುಂಬಿಸಿಕೊಂಡು ತಲೆ ಬಗ್ಗಿಸಿ ಬರುತ್ತಿದ್ದಳು. ಊರವರ ಮಾತಿಗೆ ಅವಳು ಹೆದರಲಿಲ್ಲ. ಗಂಡನ ಕಣ್ಣು ಕೆಂಪಾಗುತ್ತಿರುವುದಕ್ಕೆ ಹೆದರಿದಳು. ಮತ್ತೆ ನಿದ್ದೆ ಬಿಡುತ್ತಿತ್ತು. ಮತ್ತೆ ಹೊಸಿಲಲ್ಲಿ ನಿಂತು ದಾರಿ ನೋಡುತ್ತಿದ್ದ. ವೀಣ ಮಗಳನ್ನು ಒಂದು ಗಳಿಗೆಯೂ ಕಣ್ಣ ಮುಂದಿನಿಂದ ಬಿಡದೆ ಸೆರಗಿಗೆ ಕಟ್ಟಿಕೊಂಡಂತೆ ಇಟ್ಟುಕೊಂಡಳು.

ಎಂಟನೆಯ ದಿನ ಜಾಕಿಯಾ ಬಂದು ಜಗಲಿಯ ಮೇಲೆ ಅವನ ಪಕ್ಕ ಕೂತಳು. ಅವನು ಕಡಲೆಕಾಯಿ ಸುಲಿಯುತ್ತಿದ್ದ. ಅವಳಿಗೂ ನಾಲ್ಕು ಕೊಟ್ಟ.

"ಅದು ತಿಂದ್ರೆ ನಂಗೂ ಕತ್ತು ಅಂಗೇ ತಿರುಗ್ತದಾ?" ಅಂದ ಇದ್ದಕ್ಕಿದ್ದಂತೆ.

"ಒಬ್ಬೊಬ್ರಿಗೆ ಆಗ್ಬೋದು. ನಿನಗೆ ಏನಾದ್ರೂ ಆಗಿತ್ತಾ?"

"ಬಾಯಿ ಒಣಗ್ತಿತ್ತು. ಬಿಸ್ಲು ಅನ್ಕಂಡಿದ್ದೆ." ಸಿಪ್ಪೆಯನ್ನು ದೂರ ಎಸೆದ. "ನಿದ್ದೆ ಬತ್ತಿತ್ತು. ನಂದೇ ನಿದ್ದೆ ಅನ್ಕಂಡಿದ್ದೆ."

ಬಾಗಿಲಲ್ಲಿ ನಿಂತಿದ್ದ ವೀಣ ತಡೆಯಲಾರದೆ ಅಂದಳು: "ತಪ್ಪಾಯ್ತು. ಎದ್ರಿಕೆ ಆಗಿತ್ತು ನಂಗೆ."

"ನಂಗೂ ಆಯ್ತದೆ ಕಣಮ್ಮಿ," ಅಂದ, ಅವಳ ಕಡೆ ನೋಡದೆ. "ದಿನಾ ಆಯ್ತದೆ. ನೀನೊಬ್ಳೇ ಅನ್ಕಬ್ಯಾಡ."

ಆಮೇಲೆ ಅವನೇ ಕೇಳಿದ, ಡಾಕ್ಟರು ಬರುವ ಶನಿವಾರ ಯಾವುದು ಅಂತ. ಬರುವ ಶನಿವಾರವೇ, ಅಂದಳು ಜಾಕಿಯಾ. ಅವನು ಅಂದ: "ನಾನೇ ಓಯ್ತೀನಿ. ನಾನೇ ಕೇಳ್ತೀನಿ. ಅಲ್ಲೀಗಂಟ ಮಾತ್ರೆ ಮುಟ್ಟಕಿಲ್ಲ."

ಶನಿವಾರ ಅವನು ಬಸ್ಸು ಹತ್ತುತ್ತಾನೋ ಇಲ್ಲವೋ ಎಂದು ವೀಣ ಮೆಟ್ಟಿಲ ಮೇಲೆ ಕಾಲಿಟ್ಟೇ ನಿಂತಿದ್ದಳು. ಹತ್ತಿದ. ಹಿಂದಿನ ಸೀಟಿಗೆ ಹೋಗಿ, ಅಲ್ಲಿಂದ ಕೈಚಾಚಿದ. "ಮೊಗ ಇಲ್ಲಿ ಕೊಡು."

ಹನ್ನೊಂದು ದಿನದಿಂದ ಮಾತ್ರೆ ನುಂಗದವನ ಕೈ. ವೀಣಳ ತೋಳು ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಅವನು ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಕೊಟ್ಟಳು. ಮದ್ದೂರಿನಲ್ಲಿ ಬಸ್ಸು ಬದಲಿಸಿದಾಗಲೂ ಅವನೇ ಎತ್ತಿಕೊಂಡ. ಮಳವಳ್ಳಿ ತನಕ ಪ್ರತಿ ಗುಂಡಿಗೂ ಅವಳು ತಿರುಗಿ ತಿರುಗಿ ನೋಡಿದಳು. ಅವನು ಮಗಳಿಗೆ ಕಿಟಕಿಯಾಚೆ ಏನೋ ತೋರಿಸುತ್ತಿದ್ದ.

ಡಾಕ್ಟರ ಕೋಣೆಗೆ ಒಬ್ಬನೇ ಹೋದ. ಬಾಗಿಲು ಮುಚ್ಚಿತು. ಬಹಳ ಹೊತ್ತಾದ ಮೇಲೆ ಹೊರಬಂದಾಗ ಅಂಗಿಯ ಜೇಬಿನಲ್ಲಿ ಪಟ್ಟಿಯ ಅಂಚು ಕಾಣುತ್ತಿತ್ತು.

"ಊಟ ಆದ್ಮೇಲೆ ತಗಬೇಕಂತೆ," ಅಂದ. "ಓಟ್ಲಲ್ಲಿ ಉಣ್ಣವ. ಮನೇದು ಈಗ್ಲೇ ಬ್ಯಾಡ."

"ಹೂಂ," ಅಂದಳು ವೀಣ. ಎಲ್ಲಿಯ ತನಕ ಬೇಡ ಎಂದು ಕೇಳಲಿಲ್ಲ.

ಹೋಟೆಲಿನಲ್ಲಿ ಅವನು ಎಲ್ಲರಿಗೂ ಬಡಿಸುವ ಬಕೆಟ್ಟಿನ ಅನ್ನಸಾರನ್ನೇ ಉಂಡ. ಕೈತೊಳೆದು ಬಂದು ಪಟ್ಟಿಯಿಂದ ಮಾತ್ರೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದ. ನುಂಗಿ ನೀರು ಕುಡಿದ. ಪಟ್ಟಿ ಟೇಬಲ್ಲಿನ ಮೇಲಿತ್ತು.

"ನಂಗೂ," ಅಂತ ದೀಪಿಕ ಅದಕ್ಕೆ ಕೈ ಹಾಕಿದಳು.

ಗಂಡ ಹೆಂಡಿರಿಬ್ಬರ ಕೈಗಳೂ ಒಟ್ಟಿಗೆ ನುಗ್ಗಿ ಪಟ್ಟಿಯ ಮೇಲೆ ಬಿದ್ದವು, ಅವನದು ಕೆಳಗೆ, ವೀಣಳದು ಮೇಲೆ. ನೀರಿನ ಲೋಟ ಉರುಳಿತು. ಪುಟ್ಟರಾಜು ತನ್ನ ಕೈಯನ್ನು ಅವಳ ಕೈಯಡಿಯಿಂದ ಮೆಲ್ಲಗೆ ಬಿಡಿಸಿಕೊಂಡು, ಪಟ್ಟಿಯನ್ನು ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡ.

"ಇದು ನನ್ ತಾವೇ ಇರ್ಲಿ," ಅಂದ.