ಮಧುಗಿರಿಗೆ ಹುಣಸೆಹಣ್ಣಿನ ಚೀಲ

ಮಗಳಿಗೆ ಎಂಟು ತುಂಬಿದ ವರ್ಷ, ಅದೇ ವಯಸ್ಸಿನಲ್ಲಿ ದೊಡ್ಡಪ್ಪ ನನ್ನ ಮೈ ಮುಟ್ಟುತ್ತಿದ್ದದ್ದು ಇದ್ದಕ್ಕಿದ್ದಂತೆ ನೆನಪಿಗೆ ಬಂತು. ಇಷ್ಟು ವರ್ಷ ಮರೆತದ್ದನ್ನ ಯಾರು ನಂಬುತ್ತಾರೆ ಅಂತ ಹೆದರಿಕೊಂಡೇ ಮಧುಗಿರಿಯ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೆ. ಅವರು ಎದುರಿಗೆ ಕೂತು ಮುಖ ನೋಡಿದರೆ ಸಾಕು, ನನ್ನ ಬಾಯಿ ಕಟ್ಟಿಹೋಗುತ್ತಿತ್ತು.

ನಮ್ಮ ಕಡೆ ಹೆಂಗಸರು ಮನಸ್ಸಿನ ಮಾತು ಆಡೋದು ಹುಣಸೆಹಣ್ಣಿನ ಬೀಜ ಬಿಡಿಸುವಾಗ. ಎಲ್ಲರ ಕಣ್ಣೂ ಕೈಮೇಲೆ ಇರುತ್ತೆ, ಯಾರೂ ಯಾರ ಮುಖವನ್ನೂ ನೋಡಲ್ಲ. ಒಂದು ದಿನ ಚೀಲದಲ್ಲಿ ಹಣ್ಣು ತಗೊಂಡೇ ಹೋದೆ.

"ಮೇಡಂ, ಇದನ್ನ ಬಿಡಿಸ್ತಾ ಮಾತಾಡ್ಲಾ?"

"ನಂಗೂ ಒಂದಿಷ್ಟು ಕೊಡಿ," ಅಂದರು.

ಅವತ್ತು ಎಲ್ಲಾ ಹೇಳಿದೆ. ಅವರು ತಲೆ ಎತ್ತಲಿಲ್ಲ, ನಿಜವಾ ಅಂತಲೂ ಕೇಳಲಿಲ್ಲ.

ಮನೆಗೆ ಬಂದಾಗ ಅತ್ತೆ ಹಣ್ಣು ನೋಡಿ ಗೊಣಗಿದರು. "ಇದ್ಯಾರಮ್ಮ ಬಿಡ್ಸಿದ್ದು? ಅರ್ಧ ಬೀಜ ಇಲ್ಲೇ ಅವೆ."

"ಹೊಸಬ್ರು ಕಣತ್ತೆ, ಕಲೀತಾವ್ರೆ," ಅಂದೆ.

ನನ್ನ ಮಾತು ಕೇಳ್ತಾ ಮೇಡಂ ಕೈ ನಿಂತಲ್ಲೆಲ್ಲ ಬೀಜ ಉಳಿದಿತ್ತು. ಅವರನ್ನ ಯಾರೂ ಹುಣಸೆಹಣ್ಣಿನ ಕೂಲಿಗೆ ಕರೆಯಲ್ಲ ಬಿಡಿ. ನಾನು ಮಾತ್ರ ಮುಂದಿನ ವಾರವೂ ಚೀಲ ಹಿಡಿದೇ ಬಸ್ಸು ಹತ್ತಿದೆ.