ಗುಡ್ನಾಪುರದ ಕಾಲುವೆ ಮೇಲೆ ಗಾಜಾದ ಗೆರೆ

ಮಧುಕೇಶ್ವರ ಬೆಳಗಾವಿಗೆ ಹೋಗಿ ಸೈನ್ಯ ಸೇರಿದ್ದು ಯುದ್ಧ ಮಾಡಲಿಕ್ಕೆ. ಸಿಕ್ಕಿದ್ದು ಜಗಳ ಬಿಡಿಸುವ ಕೆಲಸ. ಈಜಿಪ್ಟಿನವರೂ ಇಸ್ರೇಲಿನವರೂ ಎದುರುಬದುರಾಗಿದ್ದ ಗಾಜಾಕ್ಕೆ ಸರ್ಕಾರ ಅವನನ್ನು ಹಡಗು ಹತ್ತಿಸಿತು. ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ ಹಾಕಿಕೊಂಡು ವರ್ಷವಿಡೀ ಇಬ್ಬರ ನಡುವೆ ನಿಂತು, ೧೯೫೯ರ ಬೇಸಗೆಗೆ ರಜೆಯ ಮೇಲೆ ಗುಡ್ನಾಪುರಕ್ಕೆ ಬಂದ. ಅವನು ಹೋದಮೇಲೆ ಹುಟ್ಟಿದ ಮಗ ಅಪ್ಪನ ಮುಖ ನೋಡುವ ಮೊದಲು ಆ ಟೊಪ್ಪಿಗೆಯನ್ನು ಕಚ್ಚಿ ನೋಡಿದ.

ಹೆಂಡತಿ ನೀಲಗಂಗವ್ವನಿಗೆ ಇದ್ದದ್ದು ಒಂದೇ ಆಸೆ, ರಜೆ ಮುಗಿಯುವುದರೊಳಗೆ ಮಗನ ಜವಳ ಆಗಬೇಕು. ಮೊದಲ ಕೂದಲು ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲಿರಬೇಕು, ಅಜ್ಜ ತಟ್ಟೆ ಹಿಡಿಯಬೇಕು. ಆದರೆ ಅಜ್ಜ ಪರಮೇಶ್ವರಪ್ಪ, ಅಂದರೆ ಅವಳ ಮಾವ, ಮತ್ತು ಕಾಲುವೆಯಾಚೆ ಗದ್ದೆ ಮಾಡುವ ಅವಳ ಅಣ್ಣ ಚಂದ್ರಶೇಖರಪ್ಪ ಕೆರೆ ನೀರಿನ ಸರದಿಗೆ ಕಿತ್ತಾಡಿ ಮಾತು ಬಿಟ್ಟಿದ್ದರು. ಒಬ್ಬರು ತೂಬು ಎತ್ತಿದರೆ ಇನ್ನೊಬ್ಬರು ಇಳಿಸುವುದು. ಅವನ ನೆಲ ತುಳಿಯೆನೆಂದು ಇಬ್ಬರದೂ ಆಣೆ.

ಮಧುಕೇಶ್ವರ ಯಾರು ಸರಿ ಎಂದು ಕೇಳಲೇ ಇಲ್ಲ. ತೂಬು ಮುಚ್ಚಿದ, ಕಾಲುವೆಯ ಏರಿಯ ಮೇಲೆ ಸುಣ್ಣ ಬಳಿದ ಕಲ್ಲು ಸಾಲಿಟ್ಟು ಗೆರೆ ಮಾಡಿದ, ಟೊಪ್ಪಿಗೆ ಹಾಕಿ ನಡುವೆ ನಿಂತ. ಒಬ್ಬರ ಮಾತಿನಲ್ಲಿ ಬೈಗುಳ ತೆಗೆದು ಉಳಿದದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದ. ಎಷ್ಟೋ ಸಲ ಏನೂ ಉಳಿಯುತ್ತಿರಲಿಲ್ಲ. ಆಚೆಯ ಬೆಲ್ಲದ ಕಾಫಿ, ಈಚೆಯ ಮಜ್ಜಿಗೆ ಎರಡನ್ನೂ ಕುಡಿಯಲೇಬೇಕು, ಇಲ್ಲವಾದರೆ ಪಕ್ಷಪಾತ. ಹೊಟ್ಟೆ ಕೆಟ್ಟಿತು. ರಜೆ ಕರಗುತ್ತಿತ್ತು.

ಓಮದ ಕಷಾಯ ಕೊಡುತ್ತ ನೀಲಗಂಗವ್ವ ಕೇಳಿದಳು, "ಅಲ್ಲೂ ಹಿಂಗ ನಿಲ್ತಿದ್ರೇನು?"

"ಹೂಂ. ಗೆರಿ ದಾಟಬಾರದು, ಅಷ್ಟ. ಗೆರಿ ತನಕ ಯಾರರ ಬರ್ಲಿ."

ಅವಳಿಗೆ ಅಷ್ಟು ಸಾಕಾಯಿತು. ಮರುದಿನ ಕ್ಷೌರದವನನ್ನು ಏರಿಗೇ ಕರೆಸಿ, ಬಿಳಿ ಕಲ್ಲಿನ ಮೇಲೆ ಅರ್ಧ ಆಚೆ ಅರ್ಧ ಈಚೆ ಬರುವಂತೆ ಕಂಬಳಿ ಹಾಸಿದಳು. ಅಣ್ಣ ಆಚೆ ಕೂತ, ಮಾವ ಈಚೆ. ಯಾರೂ ಯಾರ ನೆಲವನ್ನೂ ತುಳಿಯಲಿಲ್ಲ. ಮಗು ಮಾತ್ರ ಸೋದರಮಾವನ ತೊಡೆಯಿಂದ ಕಾಲು ಚಾಚಿ ಅಜ್ಜನ ಎದೆಗೆ ಒದೆಯಿತು.

ತಟ್ಟೆ ತುಂಬಿದ ಮೇಲೆ ನೀಲಗಂಗವ್ವ, ಕೂದಲನ್ನು ಹರಿಯುವ ನೀರಿಗೇ ಬಿಡಬೇಕಲ್ಲ ಅಂದಳು. ಎಲ್ಲರೂ ಕಾಲುವೆ ನೋಡಿದರು. ಒಣಗಿ ಬಿರುಕು ಬಿಟ್ಟಿತ್ತು. ತೂಬು ಮುಚ್ಚಿದವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಅವಳು ಮಗನ ಬೋಳುತಲೆಗೆ ಗಂಧ ಹಚ್ಚುವುದರಲ್ಲಿ ಮುಳುಗಿಬಿಟ್ಟಿದ್ದಳು.

ಕಡೆಗೆ ಪರಮೇಶ್ವರಪ್ಪ ಎದ್ದ. "ಬರ್ರಿ ಬೀಗರ, ತೂಬಿಗೆ ಒಂದು ಕೈ ಹಚ್ಚರಿ."

"ಹಚ್ತೀನಿ. ಮಧ್ಯಾಹ್ನದ ತನಕ ನಿಮ್ಮ ಗದ್ದಿಗೆ, ಆಮ್ಯಾಲೆ ನನಗ."

"ಇದನ್ನ ಮೊದಲ ಹೇಳಬಾರದಿತ್ತೇನು?"

"ಹೇಳಿ ಕಳಿಸಿದ್ದೆ. ನಿಮ್ಮ ಮಗ ಅದನ್ನೂ ಬೈಗುಳ ಅಂತ ಬಿಟ್ಟಿರಬೇಕು."

ಇಬ್ಬರೂ ನಗುತ್ತಲೇ ಹಲಗೆ ಎತ್ತಿದರು. ನೀರು ಬಂತು, ಕೂದಲು ತೇಲಿಹೋಯಿತು. ಸುಣ್ಣದ ಕಲ್ಲುಗಳನ್ನು ನೀಲಗಂಗವ್ವ ಬುಟ್ಟಿಗೆ ತುಂಬಿಕೊಂಡಳು. ಹಪ್ಪಳ ಒಣಗಿಸುವ ಬಟ್ಟೆ ಹಾರದಂತೆ ಮೂಲೆಗೆ ಭಾರ ಬೇಕಿತ್ತು.